ಬ್ರೆಟ್‌ಫರ್ಟನ್ನಿನ 'ಫ್ಲೀಸ್' ಪಾನಗೃಹ: ಒಂದು ವಾಸ್ತುವಿಮರ್ಶೆ

ಇಂಗ್ಲೆಂಡಿನ ಹಳ್ಳಿಗಾಡಿನ ಪಾನಗೃಹಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಹೊರಬಾಗಿಲಿನಲ್ಲಿಯೇ ನಿಂತುಬಿಡುತ್ತಾರೆ. ಬಿಳಿಯ ಗೋಡೆ, ನಡುವೆ ಕಪ್ಪು ತೊಲೆಗಳು, ಮೇಲೊಂದು ತೂಗುಫಲಕ ಇವಿಷ್ಟನ್ನು ವರ್ಣಿಸಿದರೆ ವಿಮರ್ಶೆ ಮುಗಿಯಿತೆಂಬುದು ಅವರ ಭಾವನೆ. ಆ ಕಪ್ಪು ಬಣ್ಣವಾದರೋ ಬಹುಮಟ್ಟಿಗೆ 19ನೆಯ ಶತಮಾನದ ಅಭಿರುಚಿಯ ಫಲ. ವುಸ್ಟರ್‌ಷೈರ್ ಪ್ರಾಂತದ ಬ್ರೆಟ್‌ಫರ್ಟನ್ ಗ್ರಾಮದಲ್ಲಿರುವ 'ಫ್ಲೀಸ್' ಪಾನಗೃಹದ ಹಿರಿಮೆಯನ್ನು ಒಳಗೆ ಹೊಕ್ಕು ನೋಡಬೇಕಾಗಿದೆ.

ಈ ಕಟ್ಟಡ ಪಾನಗೃಹವಾಗಿ ಹುಟ್ಟಿದುದಲ್ಲ. ಮಧ್ಯಯುಗದಲ್ಲಿ ಮರದ ಚೌಕಟ್ಟಿನ ಮೇಲೆ ಎದ್ದ ರೈತನ ಮನೆಯಿದು. ಒಂದೇ ಉದ್ದನೆಯ ಸೂರಿನ ಕೆಳಗೆ ಒಂದು ಕಡೆ ಮನೆಯವರು, ಇನ್ನೊಂದು ಕಡೆ ದನಕರುಗಳು. ಬರ್ಡ್ ಮನೆತನದವರು ಪರವಾನಗಿ ಪಡೆದು ಅದನ್ನು ಪಾನಗೃಹವನ್ನಾಗಿ ಮಾಡಿದುದು 1848ರಲ್ಲಿ. ಆದರೆ ಒಳಗೋಡೆಗಳನ್ನು ಕೆಡವಿ ಒಂದೇ ಹಜಾರವನ್ನಾಗಿ ಮಾಡಲಿಲ್ಲ. ಬಂದವರು ಇಂದಿಗೂ ಕುಳಿತುಕೊಳ್ಳುವುದು ಸಣ್ಣ ಸಣ್ಣ ಕೋಣೆಗಳಲ್ಲಿ, ಅಗ್ಗಿಷ್ಟಿಕೆಯ ಬಳಿ, ನೆಂಟರ ಮನೆಯಲ್ಲಿ ಕುಳಿತಂತೆ.

ಎರಡು ಮಹಾಯುದ್ಧಗಳ ನಡುವೆ ಆ ದೇಶದಲ್ಲಿ ತಲೆಯೆತ್ತಿದ 'ಸುಧಾರಿತ' ಪಾನಗೃಹಗಳೊಡನೆ ಇದನ್ನು ಹೋಲಿಸಬೇಕು. ಅವುಗಳಲ್ಲಿ ಅನೇಕವು ಇಟ್ಟಿಗೆಯ ಗೋಡೆಗೆ ಹಲಗೆ ಬಡಿದು ಹಳೆಯ ಕಾಲದ ವೇಷವನ್ನು ತೊಟ್ಟವು. ಒಳಗಿನ ವಿನ್ಯಾಸವಾದರೋ, ಕಟ್ಟೆಯ ಹಿಂದೆ ನಿಂತವನ ದೃಷ್ಟಿಗೆ ಕುಡಿಯುವವರೆಲ್ಲರೂ ಬೀಳಬೇಕೆಂಬ ಉದ್ದೇಶದಿಂದ ಹಾಕಿದುದು. ವೇಷ ಟ್ಯೂಡರ್ ಅರಸರ ಕಾಲದ್ದು, ಬುದ್ಧಿ ಮಾತ್ರ ಪೋಲೀಸರದು!

ಇದೇ ಮನೆತನದ ಲೋಲಾ ಟ್ಯಾಪ್ಲಿನ್ ಎಂಬಾಕೆ 1977ರಲ್ಲಿ ತೀರಿಕೊಂಡಾಗ ಕಟ್ಟಡವು ಆಕೆಯ ಮರಣಶಾಸನದಂತೆ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಟ್ರಸ್ಟು ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡದೆ ಪಾನಗೃಹವಾಗಿಯೇ ಉಳಿಸಿಕೊಂಡುದು ವಿವೇಕದ ಕೆಲಸ. 2004ರ ಫೆಬ್ರವರಿಯಲ್ಲಿ ಹುಲ್ಲಿನ ಛಾವಣಿಗೆ ಬೆಂಕಿ ಬಿದ್ದು ಬಹಳ ಹಾನಿಯಾಯಿತು. ಬಳಿಕ ಅದನ್ನು ದುರಸ್ತಿಗೊಳಿಸಿ ಮತ್ತೆ ತೆರೆದರು. ಸುಟ್ಟ ಭಾಗವನ್ನು ಹೊಸದಾಗಿ ಕಟ್ಟಿದ ಮೇಲೆ ಅದರ ಪ್ರಾಚೀನತೆ ಎಲ್ಲಿ ಉಳಿಯಿತೆಂದು ಕೆಲವರು ಕೇಳಬಹುದು. ಪ್ರಾಚೀನತೆಯನ್ನು ಕೇವಲ ಮರದ ವಯಸ್ಸಿನಿಂದ ಅಳೆಯುವವರ ಪ್ರಶ್ನೆಯಿದು. ಅಲ್ಲಿಯ ಅಗ್ಗಿಷ್ಟಿಕೆಯ ಮುಂದೆ ನೆಲದ ಮೇಲೆ ಬಿಳಿಯ ವೃತ್ತಗಳಿವೆ. ಮಾಟಗಾತಿಯರು ಹೊಗೆಗೂಡಿನಿಂದ ಇಳಿದು ಒಳಗೆ ಬಾರದಿರಲೆಂದು ಬರೆದವಂತೆ. ತುಳಿದು ಅಳಿಸಿದಂತೆಲ್ಲ ಅವುಗಳನ್ನು ಮತ್ತೆ ಬರೆಯಬೇಕು. ಅವುಗಳ ಬಿಳುಪು ಹೊಸದು. ಬರೆಯುವ ಸ್ಥಳ ಮಾತ್ರ ಹಳೆಯದು.