ಊರ ಹೆಸರೂ ಅರಸರ ಹೆಸರೂ

ಒಂದೇ ಶಬ್ದವು ಊರಿಗೂ ಅರಸರಿಗೂ ಹೆಸರಾಗಿರುವಾಗ, ಊರಿಗೆ ಆ ಹೆಸರು ಅರಸನಿಂದಲೇ ಬಂದಿತೆಂದು ನಿಶ್ಚಯಿಸಿಬಿಡುವುದು ಸ್ಥಳನಾಮಗಳ ವಿಚಾರದಲ್ಲಿ ಪದೇಪದೇ ಕಂಡುಬರುವ ದೋಷವು. ಶಾಸ್ತ್ರಜ್ಞರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢಗಳೆಂದು ವಿಂಗಡಿಸಿರುವರು. ಅವಯವಗಳಿಂದ ಅರ್ಥಕೊಡುವುದು ಯೌಗಿಕ. ಬಳಕೆಯ ಬಲದಿಂದಲೇ ನಿಂತುದು ರೂಢ. ಪಂಕಜ ಶಬ್ದದಂತೆ ಎರಡನ್ನೂ ಕೂಡಿಸಿಕೊಂಡುದು ಯೋಗರೂಢ. ಮಂಡ್ಯ ಜಿಲ್ಲೆಯ ನಾಲ್ಕು ಊರುಗಳ ಹೆಸರುಗಳನ್ನು ಈ ಒರೆಗಲ್ಲಿಗೆ ತೀಡಿ ನೋಡುವುದು ಉಚಿತವು.

ಶ್ರೀರಂಗನೆಂಬ ಹೆಸರಿನ ಅರಸರು ವಿಜಯನಗರದ ಅರವೀಡು ವಂಶದಲ್ಲಿ ಆಗಿಹೋದರು. ಮೊದಲನೆಯ ಶ್ರೀರಂಗರಾಯನು 1572ರಿಂದ 1586ರವರೆಗೆ ಆಳಿದನು. ಅವರ ಪ್ರತಿನಿಧಿಗಳಿದ್ದ ಶ್ರೀರಂಗಪಟ್ಟಣವನ್ನು ರಾಜ ಒಡೆಯರು ವಶಪಡಿಸಿಕೊಂಡುದು 1610ರಲ್ಲಿ. ಇಷ್ಟರಿಂದ ಪಟ್ಟಣದ ಹೆಸರು ರಾಯನದೆಂದು ಊಹಿಸುವುದು ಸಲ್ಲದು. ಕಾವೇರಿಯ ದ್ವೀಪದಲ್ಲಿ ರಂಗನಾಥನ ಗುಡಿಯು ಆ ವಂಶಕ್ಕಿಂತ ಬಹು ಹಿಂದಿನದು. ದೇವರ ಹೆಸರನ್ನು ಊರು ಒಂದು ಕಡೆಯಿಂದಲೂ ಅರಸನು ಮತ್ತೊಂದು ಕಡೆಯಿಂದಲೂ ಪಡೆದುಕೊಂಡರು, ಒಬ್ಬರಿಗೊಬ್ಬರು ಋಣಿಗಳಲ್ಲ.

ಪಾಂಡವಪುರದ ಹೆಸರಿನಲ್ಲಿಯೂ ರಾಜಕುಲವೊಂದು ಅಡಗಿದೆ. ಆದರೆ ಅದು ಪುರಾಣದ ಕುಲವು. ಕುಂತಿಬೆಟ್ಟದಲ್ಲಿ ಪಾಂಡವರು ತಂಗಿದ್ದರೆಂಬ ಐತಿಹ್ಯವೇ ಇದಕ್ಕೆ ಆಧಾರ. ಇದೇ ಊರು ಹಿಂದೆ ಹಿರೋಡೆಯೆನಿಸಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟುದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಯಲ್ಪಟ್ಟಿತು. ಸಮೀಪದ ತೊಣ್ಣೂರಿಗೆ ಶಾಸನಗಳಲ್ಲಿ ಯಾದವಪುರವೆಂಬ ಹೆಸರಿದೆ. ಮೈಸೂರಿನ ಒಡೆಯರು ಯದುವಂಶದವರೆಂದು ಅದು ಅವರಿಂದ ಬಂದಿತೆನ್ನಲಾಗದು. ಅವರಿಗಿಂತ ಮುಂಚೆ ಹೊಯ್ಸಳರೂ ತಮ್ಮನ್ನು ಯಾದವರೆಂದೇ ಹೇಳಿಕೊಂಡಿರುವರು.

ಕೃಷ್ಣರಾಜಪೇಟೆಯಾದರೋ ನಿಜವಾಗಿಯೂ ಅರಸರ ಹೆಸರಿನ ಊರು. ಅದರ ಪೂರ್ವನಾಮ ಅತ್ತಿಕುಪ್ಪೆ. ಅದರಲ್ಲಿ ಮರವೊಂದರ ನೆನಪು ಇದ್ದಿತು. ಹೊಸ ಹೆಸರಿನಲ್ಲಿ ಪ್ರಭುಭಕ್ತಿಯಿದೆ. ಆದರೆ ಆ ಹೆಸರಿನ ಒಡೆಯರು ನಾಲ್ವರು: 1714ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ಕೃಷ್ಣರಾಜರು ಮೊದಲಾಗಿ, 1940ರಲ್ಲಿ ಸ್ವರ್ಗಸ್ಥರಾದ ನಾಲ್ವಡಿಯವರು ಕಡೆಯಾಗಿ. ಶಬ್ದಮಾತ್ರದಿಂದ ಇವರಲ್ಲಿ ಯಾರೆಂದು ತಿಳಿಯದು. ಜನರ ಬಾಯಲ್ಲಿ ಅದು ಕೆ. ಆರ್. ಪೇಟೆಯಾಗಿದೆ. ಹಳಗನ್ನಡದಲ್ಲಿ ‘ಆರ್’ ಎಂದರೆ ‘ಯಾರು’ ಎಂದರ್ಥ. ಆ ಅಕ್ಷರವು ತಾನೇ ಪ್ರಶ್ನೆಯನ್ನು ಕೇಳುತ್ತಿರುವಂತಿದೆ! ಯೌಗಿಕವಾಗಿ ಹುಟ್ಟಿದುದು ಅವಯವಾರ್ಥವನ್ನು ಕಳೆದುಕೊಂಡು ಬರಿಯ ರೂಢವಾಯಿತು.

ನಾಗಮಂಗಲದ ಕಥೆಯು ಇದಕ್ಕೆ ವಿಪರೀತವಾದುದು. ಮಂಗಲವೆಂಬುದು ಅಗ್ರಹಾರಗಳ ಹೆಸರಿನ ಕೊನೆಯಲ್ಲಿ ಬರುವ ಪದವು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಈ ಊರಿಗೆ ವೀರಬಲ್ಲಾಳ ಚತುರ್ವೇದಿ ಭಟ್ಟರತ್ನಾಕರವೆಂಬ ಘನವಾದ ಹೆಸರಾಯಿತು. ಅದು ಶಾಸನದ ಕಲ್ಲಿನಲ್ಲಿಯೇ ಉಳಿಯಿತು; ನಾಲಗೆಯ ಮೇಲೆ ನಿಂತುದು ನಾಗಮಂಗಲವೇ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವನ್ನೂ ರೈತರು ಕನ್ನಂಬಾಡಿ ಕಟ್ಟೆಯೆಂದೇ ಕರೆಯುವುದುಂಟು. ನೀರಿನಲ್ಲಿ ಮುಳುಗಿದ ಊರಿನ ಹೆಸರು ಹೀಗೆ ಮುಳುಗದೆ ಉಳಿದಿದೆ.

ಇವುಗಳಿಂದ ಸಿದ್ಧವಾಗುವುದೇನೆಂದರೆ, ಹೆಸರನ್ನು ಕೊಡುವುದು ಅರಸನ ಅಧಿಕಾರ, ಉಳಿಸುವುದು ಜನರ ಅಧಿಕಾರ. ಹೊಸ ಹೆಸರನ್ನಿಟ್ಟು ಹಳೆಯದನ್ನು ಮರೆತರೆ ನೆಲದ ಚರಿತ್ರೆಯು ನಷ್ಟವಾಗುತ್ತದೆ. ಹೊಸದನ್ನೂ ಎರಡಕ್ಷರಕ್ಕೆ ಇಳಿಸಿದರೆ ಗೌರವಿಸಬೇಕೆಂದುಕೊಂಡ ಪ್ರಭುವಿನ ನೆನಪೂ ನಷ್ಟವಾಗುತ್ತದೆ. ಅತ್ತಿಕುಪ್ಪೆ, ಹಿರೋಡೆ, ಯಾದವಪುರಗಳನ್ನು ಈಗಿನ ಹೆಸರುಗಳೊಡನೆ ಶಾಲೆಯ ಮಕ್ಕಳಿಗೆ ಹೇಳಿಕೊಡುವುದು ಕಷ್ಟದ ಕೆಲಸವಲ್ಲ. ಊರಿನ ಹೆಸರನ್ನು ಪೂರ್ಣವಾಗಿ ಉಚ್ಚರಿಸುವುದಂತೂ ಇನ್ನೂ ಸುಲಭವು.