ಮಿನುಗಿ ಆರುವ ದೀಪದ ಮರ್ಮ

ವೈರ್‌ಲೆಸ್ ಚಾರ್ಜರ್ ಕಟ್ಟುವ ಹವ್ಯಾಸಿಗಳಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬೋರ್ಡಿಗೆ ಸುರುಳಿ ಬೆಸೆದು, ಮೇಲೆ ಫೋನ್ ಇಟ್ಟರೆ ದೀಪ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಚಿಪ್ ಹೋಯಿತೆಂದು ಬೆಸುಗೆ ಕಡ್ಡಿ ಎತ್ತಿಕೊಳ್ಳುವ ಮುನ್ನ ತುಸು ತಾಳಬೇಕು. ಹೀಗೆ ಮತ್ತೆ ಮತ್ತೆ ಮಿನುಗುತ್ತಿದೆ ಎಂದರೆ ಚಿಪ್ ಬಹುಪಾಲು ಬದುಕಿದೆ. ಅದು ಉತ್ತರಕ್ಕಾಗಿ ಕಾಯುತ್ತಿದೆ.

ವೈರ್‌ಲೆಸ್ ಪವರ್ ಕನ್ಸಾರ್ಷಿಯಂ 2010ರಲ್ಲಿ ಹೊರತಂದ, ‘ಚಿ’ ಎಂದು ಓದುವ ಕ್ಯೂಐ ಮಾನದಂಡದಲ್ಲಿ ಚಾರ್ಜರ್ ಮೊದಲು ಕ್ಷಣಕಾಲ ಶಕ್ತಿ ಹರಿಸುತ್ತದೆ. ಇದೇ ಪಿಂಗ್. ಆ ಶಕ್ತಿಯಲ್ಲೇ ಅದನ್ನು ಪಡೆಯುವ ಕಡೆಯ ರಿಸೀವರ್ ಎಚ್ಚೆತ್ತು, ತನಗೆ ಸಿಕ್ಕ ಸಂಕೇತದ ಬಲವನ್ನು ತಿಳಿಸಬೇಕು. ತಿಳಿಸಲು ಬೇರೆ ದಾರಿಯಿಲ್ಲ. ತನ್ನ ಲೋಡನ್ನೇ ಏರಿಳಿಸುತ್ತದೆ, ಆ ಅಲುಗಾಟ ಚಾರ್ಜರಿನ ಸುರುಳಿಯಲ್ಲಿ ಮೂಡುತ್ತದೆ. ವೇಗ ಸೆಕೆಂಡಿಗೆ 2,000 ಬಿಟ್. ಬಳಿಕ ಗುರುತಿನ ವಿವರ, ಆಮೇಲೆ ಚಾರ್ಜಿಂಗ್.

ಉತ್ತರ ಬಾರದಿದ್ದರೆ ಮೊದಲು ನೋಡಬೇಕಾದದ್ದು ಎರಡು ಸುರುಳಿಗಳ ನಡು ಒಂದರ ಮೇಲೊಂದು ಕೂತಿದೆಯೇ ಎಂಬುದನ್ನು.

ಇದಕ್ಕೆ ಗ್ರಾಫ್ ಹಾಳೆಯಷ್ಟು ನೆರವಾಗುವ ಸಾಧನ ಇನ್ನೊಂದಿಲ್ಲ. ಚಾರ್ಜರ್ ಸುರುಳಿಯ ಮೇಲೆ ಹಾಳೆ ಅಂಟಿಸಿ, ರಿಸೀವರನ್ನು 5 ಮಿ.ಮೀ.ನಂತೆ ಸರಿಸುತ್ತಾ ಹೋಗಬೇಕು. ಮಾತುಕತೆಯಿಲ್ಲದ ಅಗ್ಗದ ಮಾಡ್ಯೂಲ್ ಆದರೆ ರೆಗ್ಯುಲೇಟರಿಗಿಂತ ಮುಂಚಿನ ವೋಲ್ಟೇಜನ್ನು ಪ್ರತಿ ಚೌಕದಲ್ಲೂ ಪೆನ್ಸಿಲಿನಿಂದ ಬರೆಯಬೇಕು. ಕ್ಯೂಐ ಜೋಡಿಯಲ್ಲಿ ಈ ಅಳತೆ ಮೋಸ ಮಾಡುತ್ತದೆ. ನಡು ತಪ್ಪಿದಷ್ಟೂ ರಿಸೀವರ್ ಹೆಚ್ಚು ಶಕ್ತಿ ಕೇಳಿ ವೋಲ್ಟೇಜನ್ನು ಕಾಯ್ದುಕೊಳ್ಳುತ್ತದೆ. ಅಲ್ಲಿ ಅಳೆಯಬೇಕಾದದ್ದು ಚಾರ್ಜರ್ ಎಳೆಯುವ ಕರೆಂಟು: ಲೋಡ್ ಅದೇ ಇದ್ದು ಕರೆಂಟು ಕಡಿಮೆಯಾದ ಚೌಕವೇ ಒಳ್ಳೆಯ ಜಾಗ. 2020ರಲ್ಲಿ ಐಫೋನ್ 12ರ ಬೆನ್ನಿಗೆ ಬಂದ ಮ್ಯಾಗ್‌ಸೇಫ್ ಆಯಸ್ಕಾಂತದ ಉಂಗುರ, 2023ರ ಕ್ಯೂಐ2 ಎರಡೂ ಬಿಡಿಸಿದ್ದು ಇದೇ ಕಗ್ಗಂಟನ್ನು.

ಫೆರೈಟ್ ಹಾಳೆಯೂ ಗಮನ ಬೇಡುತ್ತದೆ. ಅದು ಪ್ರತಿ ಸುರುಳಿಯ ಬೆನ್ನಿಗಿರಬೇಕು. ತಿರುಗಮುರುಗಾಗಿ ಎರಡರ ನಡುವೆ ಬಂದರೆ ಕಾಂತಕ್ಷೇತ್ರ ಅದರೊಳಗೇ ಹರಿದು ಹೋಗುತ್ತದೆ. ಹಿಂದೆ ಫೆರೈಟೇ ಇಲ್ಲದಿದ್ದರೆ ಬ್ಯಾಟರಿಯ ಲೋಹ ಬಿಸಿಯಾಗುತ್ತದೆ.

ಇನ್ನು ಕೆಪಾಸಿಟರ್. ಕ್ಯೂಐ ಚಾರ್ಜರಿನ 5 ವೋಲ್ಟಿನ ಎ11 ಮಾದರಿಯಲ್ಲಿ 6.3 ಮೈಕ್ರೋಹೆನ್ರಿ ಸುರುಳಿಗೆ 400 ನ್ಯಾನೋಫ್ಯಾರಡ್ ಜೋಡಿಸಿದರೆ ಅನುರಣನ 100 ಕಿಲೋಹರ್ಟ್ಸ್ ಬಳಿ ಬೀಳುತ್ತದೆ. ಆ ಜಾಗಕ್ಕೆ ಸಿ0ಜಿ ದರ್ಜೆಯದ್ದೇ ಬೇಕು. ಅಗ್ಗಕ್ಕೆ ಸಿಗುವ ಎಕ್ಸ್7ಆರ್ ಹಾಕಿದರೆ ವೋಲ್ಟೇಜ್ ಏರಿದಂತೆ ಅದರ ಧಾರಕತೆ ಕುಸಿದು ಲೆಕ್ಕವೆಲ್ಲ ತಪ್ಪುತ್ತದೆ, ಮೈಯೂ ಕಾಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ದೀಪ ಮಿನುಗಿದರೆ ರಿಸೀವರಿನ ಲೋಡ್ ಕಳಚಿ ನೋಡಬೇಕು. ದೊಡ್ಡ ಕೆಪಾಸಿಟರೋ ಮೋಟಾರೋ ಮೊದಲ ಗಳಿಗೆಯಲ್ಲೇ ಶಕ್ತಿ ಹೀರಿದರೆ, ಮಾತಾಡುವ ಮುನ್ನವೇ ರಿಸೀವರ್ ಕುಸಿಯುತ್ತದೆ. ಕಳಚಿದಾಗ ಮಿನುಗುವುದು ನಿಂತರೆ, ಔಟ್‌ಪುಟ್ ಸ್ಥಿರವಾದ ಮೇಲೆ ಲೋಡ್ ಸೇರಿಸುವ ಒಂದು ಮಾಸ್‌ಫೆಟ್ ಸ್ವಿಚ್ ಸಾಕು. ಆಗಲೂ ನಿಲ್ಲದಿದ್ದರೆ ಯುಎಸ್‌ಬಿ ಕೇಬಲ್ ಬದಲಿಸಬೇಕು: ಅರ್ಧ ಓಮಿನ ಕೇಬಲ್ಲು 1.4 ಆಂಪಿಯರ್‌ಗೆ 0.7 ವೋಲ್ಟ್ ನುಂಗಿ, ಬೋರ್ಡಿಗೆ 4.3 ವೋಲ್ಟ್ ಮಾತ್ರ ಉಳಿಸುತ್ತದೆ.