ಮಿಡ್‌ವೇಗೆ ಹೋಗಿ ಬಂದ ಕ್ಯಾಮರಾ

ಕ್ರಿಸ್ ಜೋರ್ಡನ್ ಎಂಬ ಅಮೆರಿಕದ ಛಾಯಾಗ್ರಾಹಕರು ತೆಗೆದ ‘ಆಲ್ಬಟ್ರಾಸ್’ ಎಂಬ ಸಾಕ್ಷ್ಯಚಿತ್ರವನ್ನು 2018ರಿಂದ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚಿನ ಚಿತ್ರ. ಪೆಸಿಫಿಕ್ ಸಾಗರದ ನಡುವೆ, ಹೊನೊಲುಲುವಿನಿಂದಲೇ 2,100 ಕಿಲೋಮೀಟರ್ ದೂರದಲ್ಲಿರುವ ಮಿಡ್‌ವೇ ದ್ವೀಪಗಳಲ್ಲಿ ತೆಗೆದದ್ದು. ಜಗತ್ತಿನ ಅತಿ ದೊಡ್ಡ ಆಲ್ಬಟ್ರಾಸ್ ನೆಲೆ ಅದು. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಹತ್ತಿರ ಬರುವ ಈ ಹಕ್ಕಿಗಳು ಲಕ್ಷಗಟ್ಟಲೆ ಬಂದು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮನುಷ್ಯನ ಹೆದರಿಕೆ ಅವಕ್ಕಿಲ್ಲ.

ಮೊದಲು ಒಳ್ಳೆಯ ಮಾತು. ಜೋಡಿ ಹಕ್ಕಿಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕುಣಿಯುವುದನ್ನು ಈ ಕ್ಯಾಮರಾ ಕೂತು ನೋಡುತ್ತದೆ, ಓಡುವುದಿಲ್ಲ. ಹಕ್ಕಿ ಎಷ್ಟು ಹೊತ್ತು ಕುಣಿಯುತ್ತದೋ ಅಷ್ಟು ಹೊತ್ತು ನಾವೂ ಕೂತಿರಬೇಕು. ಅಂಥ ತಾಳ್ಮೆ ಈಗಿನ ಪ್ರಾಣಿ ಚಿತ್ರಗಳಲ್ಲಿ ಕಮ್ಮಿ. ಆಮೇಲೆ ಸತ್ತ ಮರಿಗಳು. ಹೊಟ್ಟೆ ಬಗೆದರೆ ಬಾಟಲಿಯ ಮುಚ್ಚಳ, ಸಿಗರೇಟ್ ಲೈಟರ್, ಹಲ್ಲುಜ್ಜುವ ಬ್ರಶ್. ತಾಯಿ ತಂದೆ ಕಡಲ ಮೇಲ್ಮೈಯಿಂದ ಹೆಕ್ಕಿ ತಂದು ಬಾಯಿಗೆ ಕೊಟ್ಟದ್ದೇ ಇದು. ಹಾರುಮೀನು ತೇಲುವ ವಸ್ತುಗಳಿಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆಯ ಆಸೆಗೆ ಹಕ್ಕಿ ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. 2009ರಲ್ಲಿ ಇಂಥದೇ ಫೋಟೋಗಳಿಂದ ಜೋರ್ಡನ್ ಹೆಸರಾದರು. ಒಂದು ತುಂಡನ್ನೂ ತಾನು ಸರಿಸಿಲ್ಲ ಎಂದು ಆಗ ಹೇಳಿದ್ದರು.

ಇಷ್ಟರ ಮೇಲೆ ನನ್ನ ತಕರಾರು. ನಮ್ಮ ವಾಚನಾಲಯದಲ್ಲಿ ಇದನ್ನು ಹಾಕಿದ ದಿನ ಹೈಸ್ಕೂಲಿನ ಹುಡುಗಿಯೊಬ್ಬಳು ಕೇಳಿದಳು, “ಅಲ್ಲಿಗೆ ನಮಗೆ ಹೋಗ್ಲಿಕ್ಕೆ ಆಗ್ತದಾ?” ಆಗುದಿಲ್ಲ. ಪ್ರವಾಸಿಗಳನ್ನು ಕರೆದೊಯ್ಯುವ ವ್ಯವಸ್ಥೆ 2012ರಲ್ಲಿಯೇ ನಿಂತಿತು. ಹಣ ಇದ್ದವನಿಗೂ ಬಾಗಿಲಿಲ್ಲ. ಹಾಗಿರುವಾಗ ನಮ್ಮ ಪಾಲಿಗೆ ಈ ಚಿತ್ರವೇ ಮಿಡ್‌ವೇ. ಅದು ಬಿಟ್ಟದ್ದನ್ನು ನಾವು ಹೋಗಿ ನೋಡಿಕೊಂಡು ಬರುವಂತಿಲ್ಲ.

ಬಿಟ್ಟದ್ದು ಸ್ವಲ್ಪ ಏನಲ್ಲ. ಈ ‘ನಿರ್ಜನ’ ದ್ವೀಪ ಜನರನ್ನು ಚೆನ್ನಾಗಿಯೇ ಕಂಡಿದೆ. 1903ರಲ್ಲಿ ಸಮುದ್ರದಡಿಯ ತಂತಿ ಹಾಕುವ ಕಂಪೆನಿ ಬಂತು. ಹಡಗುಗಟ್ಟಲೆ ಮಣ್ಣು ತರಿಸಿತು, ಗಾಳಿಮರ ನೆಟ್ಟಿತು. ಹೌದು, ನಮ್ಮ ಕಡಪ್ಪುರದಲ್ಲಿ ಸುಯ್ಯೆನ್ನುವ ಅದೇ ಜಾತಿಯ ಮರ. 1942ರ ಜೂನಿನಲ್ಲಿ ದೊಡ್ಡ ನೌಕಾಯುದ್ಧ ನಡೆದದ್ದು ಇದರ ಸುತ್ತಲೇ. ಆಮೇಲೂ ನೌಕಾಪಡೆಯವರು ಸಾವಿರಗಟ್ಟಲೆ ಇದ್ದರು, ಅವರ ಮಕ್ಕಳಿಗೆ ಶಾಲೆಯೂ ಇತ್ತು. ವಿಮಾನಕ್ಕೆ ಹಕ್ಕಿ ಬಡಿಯುತ್ತದೆಂದು ಆಲ್ಬಟ್ರಾಸ್‌ಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು. 1993ರಲ್ಲಿ ನೆಲೆ ಮುಚ್ಚಿತು, 1996ರಲ್ಲಿ ದ್ವೀಪ ವನ್ಯಜೀವಿ ಇಲಾಖೆಯ ಕೈಗೆ ಬಂತು. ಜನ ಖಾಲಿಯಾದರು, ಕಟ್ಟಡ ಉಳಿಯಿತು. ಆ ಕಟ್ಟಡಗಳ ಹಳೆಯ ಬಣ್ಣದಲ್ಲಿ ಸೀಸ ಇತ್ತು. ಉದುರಿದ ಚಕ್ಕೆಗಳನ್ನು ಗೋಡೆ ಬುಡದ ಮರಿಗಳು ತಿಂದವು. ರೆಕ್ಕೆ ಎತ್ತಲಾರದೆ ಜೋತುಬಿಟ್ಟು ಸತ್ತವು. ಆ ಬಣ್ಣವನ್ನೂ ವಿಷದ ಮಣ್ಣನ್ನೂ ತೆಗೆಸುವುದಕ್ಕೆ ವರ್ಷಗಳು ಬೇಕಾದವು.

ಚಿತ್ರದಲ್ಲಿ ಇದಕ್ಕೆಲ್ಲ ಸಿಗುವ ಜಾಗ ಬಹಳ ಕಮ್ಮಿ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಂಡ ಮಾತ್ರಕ್ಕೆ ಮರಿ ಅದರಿಂದಲೇ ಸತ್ತಿತು ಎನ್ನುವಂತೆಯೂ ಇಲ್ಲ. ಚಂದಕ್ಕೆ ಹಾರಿ ಹೋಗುವ ಮರಿಯ ಹೊಟ್ಟೆಯಲ್ಲೂ ಅದು ಇರುತ್ತದೆ. ಪ್ಲಾಸ್ಟಿಕ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ ಮಾರಾಯ್ರೆ. ಆದರೆ ಪ್ಲಾಸ್ಟಿಕ್ ಎಂದರೆ ‘ನಾವೆಲ್ಲರೂ’ ತಪ್ಪಿತಸ್ಥರು. ಪ್ಯಾಕೆಟ್ ಹಾಲು ತರುವ ನಾನೂ, ಮುಚ್ಚಳ ಮಾಡುವ ಕಾರ್ಖಾನೆಯೂ ಒಂದೇ ತಕ್ಕಡಿಯಲ್ಲಿ. ಸೀಸದ ಬಣ್ಣಕ್ಕೆ ಹಾಗಲ್ಲ, ಬಳಿಸಿದವರು ಯಾರೆಂದು ಗೊತ್ತುಂಟು, ತೆಗೆಸಬೇಕಾದವರು ಯಾರೆಂದೂ ಗೊತ್ತುಂಟು. ಅಳು ಎಲ್ಲರಿಗೂ ಹಂಚಿದರೆ ಲೆಕ್ಕ ಯಾರ ಹೆಸರಿಗೂ ಬರುವುದಿಲ್ಲ.

ಇನ್ನು ಧ್ವನಿ. ಉದ್ದಕ್ಕೂ ಜೋರ್ಡನ್ನರದೇ ಮಾತು. ದುಃಖವೆಂದರೆ ಪ್ರೀತಿಯೇ ಎಂಬುದು ಅವರ ತಾತ್ಪರ್ಯ, ಅದು ಸುಳ್ಳಲ್ಲ. ಆದರೆ ಹಕ್ಕಿ ಸಾಯುವಾಗ ಹಿಂದಿನಿಂದ ಸಂಗೀತ ಏರಿದರೆ ನನಗೆ ಸಂಶಯ ಬರುತ್ತದೆ: ಇಲ್ಲಿ ಯಾರನ್ನು ನೋಡಬೇಕು, ಮರಿಯನ್ನೋ, ಮರಿಯ ಬಳಿ ಕುಕ್ಕರಗಾಲಲ್ಲಿ ಕೂತವರನ್ನೋ? ಅವರು ಹಲವು ಸಲ ಹೋದವರು, ಆದರೂ ನೆಂಟರಾಗಿ ಹೋದವರು. ವರ್ಷಪೂರ್ತಿ ಸರದಿಯಲ್ಲಿ ಅಲ್ಲಿರುವ ಸಣ್ಣ ಗುಂಪೊಂದು ಉಂಟು, ಇಲಾಖೆಯವರು ಮತ್ತು ಸ್ವಯಂಸೇವಕರು. ಕಳೆ ಕೀಳುವುದು, ಗೂಡು ಎಣಿಸುವುದು, ಹಕ್ಕಿಗಳ ಕಾಲದಲ್ಲಿ ವಿಮಾನವನ್ನು ರಾತ್ರಿಯೇ ಇಳಿಸಿಕೊಳ್ಳುವುದು ಅವರ ಕೆಲಸ. 2015ರ ಹೊತ್ತಿಗೆ ಇಲಿಗಳು ಕಾವು ಕೂತ ಹಕ್ಕಿಗಳನ್ನೇ ಕಚ್ಚತೊಡಗಿದಾಗ ಮೊದಲು ಕಂಡದ್ದು ಇಂಥವರಿಗೆ. ಆ ಕೈಗಳು ಚಿತ್ರದಲ್ಲಿ ಇನ್ನಷ್ಟು ಕಾಣಬೇಕಿತ್ತು.

1956ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿತಜ್ಞರು ಮಿಡ್‌ವೇಯಲ್ಲಿ ಒಂದು ಹೆಣ್ಣು ಆಲ್ಬಟ್ರಾಸ್‌ನ ಕಾಲಿಗೆ ಬಳೆ ತೊಡಿಸಿದರು. 2002ರಲ್ಲಿ ಅವರೇ ಮತ್ತೆ ಅಲ್ಲಿ ಒಂದು ಹಕ್ಕಿ ಹಿಡಿದರು. ಹಳೆಯ ಲೆಕ್ಕ ತೆಗೆದು ನೋಡಿದರೆ ಅದೇ ಹಕ್ಕಿ. ಈಗ ವಿಸ್ಡಮ್ ಎಂದು ಅದಕ್ಕೆ ಹೆಸರು. 2024ರ ಕೊನೆಯಲ್ಲಿ ಸುಮಾರು ಎಪ್ಪತ್ತನಾಲ್ಕರ ಪ್ರಾಯದಲ್ಲಿ ಅದು ಇನ್ನೊಂದು ಮೊಟ್ಟೆ ಇಟ್ಟಿತು, ಮರಿಯೂ ಆಯಿತು. ಆ ಲೆಕ್ಕದ ಪುಸ್ತಕವನ್ನು ತೋರಿಸುವ ಚಿತ್ರ ಯಾರಾದರೂ ತೆಗೆದರೆ, ಸಂಗೀತ ಇಲ್ಲದಿದ್ದರೂ ನಾನು ಕೂತು ನೋಡುತ್ತೇನೆ.